ಮೂಲೆ ಸೇರಿದ ಹೀರೋ ಹೋಂಡಾ ಸ್ಪ್ಲೆಂಡರ್: ಮನೆಯಲ್ಲೇ ಎಬ್ಬಿಸಲು ಯೋಗ್ಯವೇ?

ವರ್ಷಗಟ್ಟಲೆ ಕೊಟ್ಟಿಗೆಯಲ್ಲೋ ಅಪಾರ್ಟ್‌ಮೆಂಟಿನ ಮೂಲೆಯಲ್ಲೋ ಧೂಳು ತಿಂದ ಬೈಕೊಂದನ್ನು ತಂದು, ಮನೆಯ ಶೆಡ್ಡಿನಲ್ಲೇ ಬಿಚ್ಚಿ ಓಡಿಸಬೇಕೆಂಬ ಆಸೆ ಇರುವವರ ಕಣ್ಣು ಮೊದಲು ಹೋಗುವುದು ಆರ್‌ಎಕ್ಸ್ 100, ಯೆಜ್ಡಿಗಳ ಮೇಲೆ. ಅವಕ್ಕೆ ಈಗ ಕೇಳುವ ಬೆಲೆ ಬೇರೆ, ಬಿಡಿಭಾಗ ಹುಡುಕುವ ಪಾಡು ಬೇರೆ. ಮೊದಲ ಸಲ ಕೈ ಕೊಳೆ ಮಾಡಿಕೊಳ್ಳುವವರಿಗೆ ನಮ್ಮ ಶಿಫಾರಸು ಹಳೆಯ ಸ್ಪ್ಲೆಂಡರ್. ಅಂದರೆ 1994ರಲ್ಲಿ ಬಂದು, 2011ರಲ್ಲಿ ಹೀರೋ ಮತ್ತು ಹೋಂಡಾ ದಾರಿ ಬೇರೆಯಾಗುವ ತನಕ ಟ್ಯಾಂಕಿನ ಮೇಲೆ ಎರಡೂ ಹೆಸರು ಹೊತ್ತು ಓಡಿದ, ಪೆಟ್ರೋಲಿಗೆ ಗಾಳಿ ಬೆರೆಸಲು ಕಾರ್ಬುರೇಟರ್ ಇರುವ ಗಾಡಿ. ಅದನ್ನು ಓಡಿಸಿ ಹೇಗಿದೆ ಎನ್ನುವ ವಿಮರ್ಶೆ ಇದಲ್ಲ. ಕೆಟ್ಟು ನಿಂತ ಸ್ಥಿತಿಯಿಂದ ಎಬ್ಬಿಸುವಾಗ ಅದು ಎಷ್ಟು ಸಹಕರಿಸುತ್ತದೆ, ಎಲ್ಲಿ ಕಾಡುತ್ತದೆ ಎಂಬುದಷ್ಟೇ ಇಲ್ಲಿ ಮುಖ್ಯ.

ಎಂಜಿನ್ 97.2 ಸಿಸಿ, ಬೋರ್ (ಸಿಲಿಂಡರಿನ ಒಳ ಅಗಲ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 49.5 ಮಿ.ಮೀ. ಇದೇ ಕುಟುಂಬದ ಎಂಜಿನ್ ಸಿಡಿ 100ರಲ್ಲೂ ಪ್ಯಾಶನ್‌ನಲ್ಲೂ ಇದೆ. ಹಾಗಾಗಿ ಪಿಸ್ಟನ್, ರಿಂಗ್, ಕ್ಲಚ್ ಪ್ಲೇಟು, ಗ್ಯಾಸ್ಕೆಟ್ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಸಿಗುತ್ತವೆ. ಹಳೆಯ ಗಾಡಿ ಎಬ್ಬಿಸುವ ಕೆಲಸ ಮುಕ್ಕಾಲು ಪಾಲು ನಿಂತುಹೋಗುವುದು ಎಂಜಿನ್ ಕೈಕೊಟ್ಟಿದ್ದಕ್ಕಲ್ಲ, ಒಂದು ಸಣ್ಣ ಸಾಮಾನಿಗೆ ತಿಂಗಳುಗಟ್ಟಲೆ ಕಾದು ಉತ್ಸಾಹ ಇಳಿದುಹೋಗಿದ್ದಕ್ಕೆ. ಸ್ಪ್ಲೆಂಡರ್‌ನಲ್ಲಿ ಆ ತೊಂದರೆ ಇಲ್ಲ.

ಎಂಜಿನ್ನಿನ ಮಟ್ಟಿಗೆ ಕೊಳ್ಳುವ ಮುಂಚೆ ಮಾಡಬೇಕಾದ ಪರೀಕ್ಷೆ ಒಂದೇ. ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿ ನೋಡಿ. ಅರ್ಧ ದಾರಿಯಲ್ಲಿ ಒತ್ತಡ ಸಿಕ್ಕಿ, ತಡೆದು, ಆಮೇಲೆ ಇಳಿದರೆ ಕಂಪ್ರೆಷನ್ ಇದೆ ಎಂದರ್ಥ. ಒತ್ತಡವೇ ಇಲ್ಲದೆ ಸರ್ರೆಂದು ಇಳಿದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಇಲ್ಲವೇ ರಿಂಗ್ ಅಂಟಿಕೊಂಡಿದೆ. ಕದಲದೇ ಇದ್ದರೆ ಪಿಸ್ಟನ್ ಬೋರಿಗೆ ಹಿಡಿದಿದೆ. ಹಾಗೆ ಹಿಡಿದದ್ದೆಲ್ಲ ಗುಜರಿಗೆ ಹಾಕುವಂಥದ್ದಲ್ಲ. ಪ್ಲಗ್ ಬಿಚ್ಚಿ, ಎಂಜಿನ್ ಆಯಿಲ್ ಮತ್ತು ಡೀಸೆಲ್ ಸಮ ಸಮ ಬೆರೆಸಿ ಒಂದೆರಡು ಚಮಚ ರಂಧ್ರದೊಳಗೆ ಬಿಟ್ಟು ಎರಡು ದಿನ ಹಾಗೇ ಇಡಿ. ನಂತರ ಗಾಡಿಯನ್ನು ನಾಲ್ಕನೇ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮುಂದಕ್ಕೂ ಹಿಂದಕ್ಕೂ ಅಲ್ಲಾಡಿಸಿ. ಕಿಕ್ಕರ್ ಮೇಲೆ ನಿಂತು ಜಿಗಿಯುವುದು ಬೇಡವೇ ಬೇಡ. ಅದು ಕಿಕ್ ಶಾಫ್ಟಿನ ಹಲ್ಲು ಮುರಿಯುವ ದಾರಿ.

ಈಗ ನಿಜವಾದ ಕೆಲಸಕ್ಕೆ ಬರೋಣ. ನಿಂತ ಸ್ಪ್ಲೆಂಡರ್ ಸ್ಟಾರ್ಟ್ ಆಗದಿರಲು ಕಾರಣ ಬಹುತೇಕ ಟ್ಯಾಂಕಿನಿಂದ ಕಾರ್ಬುರೇಟರ್ ತನಕದ ಒಂದೂವರೆ ಅಡಿ ದಾರಿಯಲ್ಲೇ ಇರುತ್ತದೆ. ನಿಮ್ಮ ಸಮಯದ ಅರ್ಧ ಪಾಲನ್ನು ಅಲ್ಲಿಗೇ ಮೀಸಲಿಡಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಶೇ. 20 ಎಥನಾಲ್ ಪೆಟ್ರೋಲ್ ಈಗ ಎಲ್ಲ ಬಂಕುಗಳಿಗೂ ಬಂದಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದಾಗ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಕಾರ್ಬುರೇಟರಿಗೆ ಮೊದಲು ಹೋಗುವುದು ತಳದ್ದೇ. ಆ ಕಾಲದ ರಬ್ಬರ್ ಪೈಪು, ಓ-ರಿಂಗುಗಳು ಇಷ್ಟು ಎಥನಾಲಿಗೆಂದು ಮಾಡಿದವಲ್ಲ. ಪೈಪನ್ನು ಬೆರಳಲ್ಲಿ ಮಡಚಿ ನೋಡಿ. ಬಿರುಕು ಕಂಡರೆ, ಗಡಸಾಗಿದ್ದರೆ ಬದಲಾಯಿಸಿ.

ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಹಳೆ ಪೆಟ್ರೋಲ್ ವಾರ್ನಿಷ್ ವಾಸನೆ ಹೊಡೆಯುತ್ತಿದ್ದರೆ ಪೂರ್ತಿ ಇಳಿಸಿಬಿಡಿ, ಹೊಸದರ ಜೊತೆ ಬೆರೆಸಿ ಉಳಿಸುವ ಯೋಚನೆ ಬೇಡ. ತೆಳು ತುಕ್ಕಿದ್ದರೆ ಕಾಕ್ (ಟ್ಯಾಂಕಿನ ತಳದ ಪೆಟ್ರೋಲ್ ನಲ್ಲಿ) ಬಿಚ್ಚಿ ಆ ರಂಧ್ರ ಮುಚ್ಚಿ, ಬಿಳಿ ವಿನೆಗರ್ ತುಂಬಿ ಒಂದು ರಾತ್ರಿ ಬಿಡಿ. ಮೊಂಡು ತುಕ್ಕಾದರೆ ವಿನೆಗರ್ ಜೊತೆ ಒಂದು ಹಿಡಿ ನಟ್ಟುಗಳನ್ನು ಹಾಕಿ ಕುಲುಕಬೇಕು. ಹಾಕುವಾಗ ಎಣಿಸಿ, ತೆಗೆಯುವಾಗಲೂ ಎಣಿಸಿ. ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಆಮ್ಲ ತೊಳೆದು, ಶುದ್ಧ ನೀರು ಬಿಟ್ಟು, ಕೂಡಲೇ ಒಣಗಿಸಬೇಕು. ಜನ ಎಡವುವುದು ಇಲ್ಲೇ. ತೊಳೆದ ಟ್ಯಾಂಕನ್ನು ಬಿಸಿಲಿಗಿಟ್ಟು ಮರೆತರೆ ಸಂಜೆಗೆ ಒಳಗೆಲ್ಲ ಕೇಸರಿ ಪುಡಿ. ಬ್ಲೋವರಿನಿಂದ ಒಣಗಿಸಿದ ತಕ್ಷಣ ಸ್ವಲ್ಪ ಪೆಟ್ರೋಲಿಗೆ ಒಂದೆರಡು ಮುಚ್ಚಳ ಎಂಜಿನ್ ಆಯಿಲ್ ಬೆರೆಸಿ ಒಳಗೆಲ್ಲ ತಾಗುವಂತೆ ಹೊರಳಿಸಿ. ತಳದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿದ್ದರೆ ಎಂ-ಸೀಲ್ ಮೆತ್ತಿ ನಂಬಬೇಡಿ. ಪೆಟ್ರೋಲ್ ಟ್ಯಾಂಕು ಎಂಜಿನ್ನಿನ ಮೇಲೇ ಕೂರುವ ವಸ್ತು, ಬೇರೆ ಟ್ಯಾಂಕ್ ಹುಡುಕಿ.

ಮುಚ್ಚಳದ ಗಾಳಿರಂಧ್ರವನ್ನು ಬಹಳ ಮಂದಿ ನೋಡುವುದೇ ಇಲ್ಲ. ಅದು ಮುಚ್ಚಿದ್ದರೆ ಗಾಡಿ ಚೆನ್ನಾಗಿಯೇ ಸ್ಟಾರ್ಟ್ ಆಗಿ, ಐದು ಹತ್ತು ನಿಮಿಷ ಓಡಿ ನಿಲ್ಲುತ್ತದೆ. ಮುಚ್ಚಳ ತೆರೆದು ಹಾಕಿದರೆ ಮತ್ತೆ ಓಡುತ್ತದೆ. ಈ ಲಕ್ಷಣ ಕಂಡವರು ಸುಮ್ಮನೆ ಕಾರ್ಬುರೇಟರ್ ಬಿಚ್ಚುತ್ತಾ ಕೂರುತ್ತಾರೆ. ನಮ್ಮ ಹಳ್ಳಿಗಳ ಕೊಟ್ಟಿಗೆಗಳಲ್ಲಿ ನಿಂತ ಗಾಡಿಗೆ ಇನ್ನೊಂದು ಕಾಟ ಮಣ್ಣಿನ ಗೂಡು ಕಟ್ಟುವ ಕಣಜ. ಸೈಲೆನ್ಸರಿನ ಬಾಯಿ, ಕಾರ್ಬುರೇಟರಿನ ಓವರ್‌ಫ್ಲೋ ಪೈಪು, ಕ್ರ್ಯಾಂಕ್‌ಕೇಸಿನ ಬ್ರೀದರ್ ಪೈಪು, ಹೀಗೆ ತೂತು ಕಂಡಲ್ಲೆಲ್ಲ ಮಣ್ಣು ತುಂಬುತ್ತದೆ. ಪ್ರತಿ ಪೈಪಿನಲ್ಲೂ ಊದಿ ನೋಡಿ.

ಕಾರ್ಬುರೇಟರ್ ಸಣ್ಣದು, ಸರಳ. ಬಿಚ್ಚುವಾಗ ಕಾಡುವುದು ಬೌಲಿನ, ಅಂದರೆ ಪೆಟ್ರೋಲ್ ನಿಲ್ಲುವ ತಳದ ಬಟ್ಟಲಿನ, ಸ್ಕ್ರೂ ಮಾತ್ರ. ಅವು ಜಪಾನಿ ಮಾದರಿಯ ತಲೆಗಳು. ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್ ಜಾರಿ ತಲೆಯನ್ನು ಉಜ್ಜಿಹಾಕುತ್ತದೆ. ಅಳತೆಗೆ ಸರಿಯಾದ ಬಿಟ್ ಇಟ್ಟು, ಹಿಂದಿನಿಂದ ಒಂದು ಸಣ್ಣ ಏಟು ಕೊಟ್ಟು, ಒತ್ತಿ ಹಿಡಿದು ತಿರುಗಿಸಿ. ಒಳಗೆ ಹಸಿರು ಕೆಸರು ಕಂಡರೆ ಗಾಬರಿ ಬೇಡ, ಪೆಟ್ರೋಲ್ ಆರಿ ಹಿತ್ತಾಳೆಯೊಂದಿಗೆ ಸೇರಿದಾಗ ಹಾಗಾಗುತ್ತದೆ. ಪೆಟ್ರೋಲನ್ನು ಅಳತೆಯಾಗಿ ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡುಗಳೇ ಜೆಟ್. ಮೈನ್ ಜೆಟ್ ಮುಚ್ಚುವುದು ಅಪರೂಪ. ಮುಚ್ಚುವುದು ಅದರ ಪಕ್ಕದ ಪೈಲಟ್ ಜೆಟ್, ಕೂದಲೆಳೆ ಹಾಯುವಷ್ಟೇ ಅದರ ರಂಧ್ರ. ಚೋಕ್ ಎಳೆದರೆ ಓಡಿ, ಚೋಕ್ ಬಿಟ್ಟ ಕೂಡಲೇ ನಿಲ್ಲುವ ಗಾಡಿಯ ರೋಗ ಇದೇ. ಉಕ್ಕಿನ ಸೂಜಿ ಹಾಕಿ ಕೆರೆದರೆ ರಂಧ್ರ ದೊಡ್ಡದಾಗಿ ಮೈಲೇಜ್ ಶಾಶ್ವತವಾಗಿ ಬೀಳುತ್ತದೆ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ನೆನೆಸಿ, ವಿದ್ಯುತ್ ವೈರಿನ ಒಂದೇ ತಾಮ್ರದ ಎಳೆಯಿಂದ ಚುಚ್ಚಿ, ಬೆಳಕಿಗೆ ಹಿಡಿದು ನೋಡಿ. ಅಂಚಿಲ್ಲದ ದುಂಡನೆಯ ಬೆಳಕು ಕಾಣಬೇಕು. ಸ್ಪ್ರೇ ಹೊಡೆಯುವಾಗ ಕಣ್ಣಿಗೆ ಕನ್ನಡಕ ಇರಲಿ, ಒಂದು ರಂಧ್ರಕ್ಕೆ ಹೊಡೆದದ್ದು ಇನ್ನೊಂದರಿಂದ ನೇರ ಮುಖಕ್ಕೆ ಚಿಮ್ಮುತ್ತದೆ. ಏರ್ ಸ್ಕ್ರೂ ಬಿಚ್ಚುವ ಮುಂಚೆ ಪೂರ್ತಿ ಒಳಗೆ ಹೋಗಲು ಎಷ್ಟು ಸುತ್ತು ಬೇಕೆಂದು ಬರೆದಿಟ್ಟುಕೊಳ್ಳಿ. ಮತ್ತೆ ಕೂರಿಸುವಾಗ ಅಷ್ಟೇ ಸುತ್ತು, ಲೆಕ್ಕ ತಪ್ಪಿದ್ದರೆ ಒಂದೂವರೆ ಸುತ್ತು, ಹೊರಗೆ ಇಟ್ಟು ಶುರುಮಾಡಿ, ಎಂಜಿನ್ ಬಿಸಿಯಾದ ಮೇಲೆ ಸರಿಮಾಡಿ.

ರಿಪೇರಿ ಕಿಟ್ ಬಗ್ಗೆ ಒಂದು ಎಚ್ಚರಿಕೆ. ನಕಲಿ ಕಿಟ್ಟಿನ ಗ್ಯಾಸ್ಕೆಟ್, ಓ-ರಿಂಗು ಹೇಗೋ ನಡೆಯುತ್ತವೆ. ಆದರೆ ಬೌಲು ತುಂಬಿದಾಗ ಪೆಟ್ರೋಲನ್ನು ತಡೆಯುವ ಫ್ಲೋಟ್ ನೀಡಲ್ ಮತ್ತು ಜೆಟ್‌ಗಳನ್ನು ಅದರಿಂದ ಹಾಕಬೇಡಿ. ನೀಡಲ್ ಸರಿಯಾಗಿ ಕೂರದಿದ್ದರೆ ರಾತ್ರಿಯಿಡೀ ಪೆಟ್ರೋಲ್ ತೊಟ್ಟಿಕ್ಕಿ, ಸಿಲಿಂಡರ್ ಸೇರಿ, ಅಲ್ಲಿಂದ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಆಯಿಲ್ ಕಡ್ಡಿ ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ ಮೊದಲು ನೋಡಬೇಕಾದದ್ದು ಈ ನೀಡಲನ್ನು. ಹಳೆಯ ಗಾಡಿಯ ಮೂಲ ಜೆಟ್ ಹಾಳಾಗಿರದಿದ್ದರೆ ತೊಳೆದು ಅದನ್ನೇ ಹಾಕುವುದು ಲೇಸು. ಏರ್ ಫಿಲ್ಟರಿನ ಫೋಮ್ ಮುಟ್ಟಿದರೆ ಪುಡಿಯಾಗುವಂತಿದ್ದರೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಕಿತ್ತು ಹೊಸದು ಹಾಕಿ, ಇಲ್ಲವಾದರೆ ಆ ಪುಡಿ ಕಾರ್ಬುರೇಟರ್ ಸೇರುತ್ತದೆ.

ಕರೆಂಟಿನ ವಿಷಯದಲ್ಲಿ ಹಳೆಯ ಸ್ಪ್ಲೆಂಡರ್‌ಗೆ ಪೂರ್ತಿ ಅಂಕ. ಪ್ಲಗ್ಗಿನ ಕಿಡಿಯನ್ನು ನಿಯಂತ್ರಿಸುವ ಅದರ ಸಿಡಿಐ ಪೆಟ್ಟಿಗೆಗೆ ಶಕ್ತಿ, ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೋದಿಂದ ನೇರ ಬರುತ್ತದೆ. 12 ವೋಲ್ಟ್, 2.5 ಎಎಚ್ ಬ್ಯಾಟರಿ ಸತ್ತಿದ್ದರೂ ಕಿಡಿ ಬರಲೇಬೇಕು. ಹಾಗಾಗಿ ಬ್ಯಾಟರಿಗೆ ದುಡ್ಡು ಹಾಕುವುದು ಕೊನೆಗೆ ಇರಲಿ. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಹೆಡ್ಡಿಗೆ ತಾಗಿಸಿ ಕಿಕ್ ಹೊಡೆಯಿರಿ. ಹತ್ತಿರದಲ್ಲಿ ಪೆಟ್ರೋಲ್ ಪಾತ್ರೆ ಇರಬಾರದು. ಗಟ್ಟಿ ನೀಲಿ ಕಿಡಿ ಬಂದರೆ ಮುಂದಕ್ಕೆ ಹೋಗಿ. ಬಾರದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ. ಅದರ ಅಂತರ 0.6ರಿಂದ 0.7 ಮಿ.ಮೀ. ಆಗಲೂ ಇಲ್ಲವೆಂದರೆ ಸಿಡಿಐ, ಕಾಯಿಲ್ ಎಂದು ಖರೀದಿಗೆ ಓಡುವ ಮುಂಚೆ ಕೀ ಸ್ವಿಚ್ಚಿನಿಂದ ಬರುವ ಬಿಳಿ ಗೆರೆಯ ಕಪ್ಪು ವೈರನ್ನು ಕನೆಕ್ಟರಿನಲ್ಲಿ ಬಿಡಿಸಿ ಮತ್ತೊಮ್ಮೆ ಕಿಕ್ ಹೊಡೆಯಿರಿ. ಕೀ ಆಫ್ ಮಾಡಿದಾಗ ಕಿಡಿಯನ್ನು ಅರ್ತ್ ಮಾಡುವುದು ಈ ವೈರು. ಮಳೆಗೆ ನೆನೆದ ಸ್ವಿಚ್ಚು ಒಳಗೆ ಹಸಿರುಗಟ್ಟಿದ್ದರೆ ಕೀ ಆನ್ ಇದ್ದರೂ ಅರ್ತ್ ಆಗಿಯೇ ಇರುತ್ತದೆ. ವೈರು ಬಿಡಿಸಿದಾಗ ಕಿಡಿ ಬಂದರೆ ಸ್ವಿಚ್ಚೇ ಕಾರಣ, ಉಳಿದದ್ದೆಲ್ಲ ಚೆನ್ನಾಗಿದೆ. ನೆನಪಿರಲಿ, ಆಗ ಕೀಯಿಂದ ಎಂಜಿನ್ ನಿಲ್ಲದು, ಬ್ರೇಕ್ ಹಿಡಿದು ಗೇರಿನಲ್ಲಿ ಕ್ಲಚ್ ಬಿಟ್ಟು ನಿಲ್ಲಿಸಬೇಕು. ಸೀಟಿನ ಕೆಳಗೆ ಇಲಿ ಕಡಿದ ವೈರುಗಳನ್ನೂ ಹುಡುಕಿ. ಬರೀ ಟೇಪ್ ಸುತ್ತದೆ ಬೆಸುಗೆ ಹಾಕಿ, ಮೇಲೆ ಸ್ಲೀವ್ ಹಾಕಿ.

ಆಯಿಲ್ ವಿಚಾರದಲ್ಲಿ ಈ ಎಂಜಿನ್ನಿಗೆ ಒಂದು ವಿಶೇಷ ಇದೆ. ಕಾಗದದ ಫಿಲ್ಟರ್ ಇದರಲ್ಲಿಲ್ಲ. ಬಲಗಡೆಯ ಕವರಿನ ಒಳಗೆ ಒಂದು ಜಾಲರಿ, ಕ್ರ್ಯಾಂಕ್ ತುದಿಯಲ್ಲಿ ತಿರುಗುವ ಬಟ್ಟಲಿನಂಥ ಇನ್ನೊಂದು ಫಿಲ್ಟರ್. ತಿರುಗುವ ರಭಸಕ್ಕೆ ಕೊಳೆಯೆಲ್ಲ ಆ ಬಟ್ಟಲಿನ ಗೋಡೆಗೆ ಹೋಗಿ ಮೆತ್ತಿಕೊಳ್ಳುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇದು ಗ್ರೀಸಿನ ಹಾಗೆ ಗಟ್ಟಿಯಾಗಿರುತ್ತದೆ. ಬರೀ ಆಯಿಲ್ ಬದಲಿಸಿ ಕೈತೊಳೆದುಕೊಳ್ಳುವವರು ಬಹಳ. ಕಿಕ್ಕರ್ ಕಳಚಿ, ಕವರ್ ತೆಗೆದು, ಎರಡನ್ನೂ ಸೀಮೆಎಣ್ಣೆಯಲ್ಲಿ ತೊಳೆಯುವುದೇ ಸರಿ. ಕವರಿಗೆ ಹೊಸ ಗ್ಯಾಸ್ಕೆಟ್ ಮೊದಲೇ ತಂದಿಟ್ಟುಕೊಳ್ಳಿ. ಆಯಿಲ್ 10ಡಬ್ಲ್ಯು30 ಗ್ರೇಡು, 900 ಮಿ.ಲೀ. ಬಾಟಲಿ. ಪೂರ್ತಿ ಬಗ್ಗಿಸದೆ, ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಕಡ್ಡಿಯನ್ನು ತಿರುಗಿಸದೆ ಸುಮ್ಮನೆ ಇಳಿಬಿಟ್ಟು ಮಟ್ಟ ನೋಡುತ್ತಾ ಹಾಕಿ. ಡ್ರೈನ್ ಬೋಲ್ಟು 17 ಮಿ.ಮೀ. ಸ್ಪ್ಯಾನರಿನದು. ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಂ ಆದ್ದರಿಂದ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಬಿಗಿಯಲು ಹೋದರೆ ಬೋಲ್ಟು ಕೂರುವ ತಿರುಪು (ಥ್ರೆಡ್) ಕಿತ್ತುಬರುತ್ತದೆ.

ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವಿನ ಅಂತರ, ನೋಡುವುದು ಎಂಜಿನ್ ತಣ್ಣಗಿರುವಾಗ. ಫ್ಲೈವೀಲಿನ ಟಿ ಗುರುತು ಕಿಂಡಿಯ ಗುರುತಿಗೆ ಬಂದು, ಎರಡೂ ರಾಕರ್ ಕೈಯಲ್ಲಿ ಸ್ವಲ್ಪ ಅಲುಗಾಡಬೇಕು. ಅಲುಗಾಡದಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಇನ್‌ಲೆಟ್, ಎಕ್ಸಾಸ್ಟ್ ಎರಡಕ್ಕೂ 0.05 ಮಿ.ಮೀ. ಫೀಲರ್ ಗೇಜ್ ಸ್ವಲ್ಪ ಎಳೆತದೊಂದಿಗೆ ಹಾಯಬೇಕು. ಟಕಟಕ ಸದ್ದು ನಿಲ್ಲಿಸಲೆಂದು ಅಂತರವೇ ಇಲ್ಲದಂತೆ ಬಿಗಿದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಸದ್ದಿಲ್ಲದ ಟ್ಯಾಪೆಟ್ಟೇ ಹೆಚ್ಚು ಅಪಾಯ. ಎಡಗಡೆಯಿಂದ ಕರಕರ ಸದ್ದು ಬಂದರೆ ಅದು ಟೈಮಿಂಗ್ ಚೈನಿನದು. ಅದರ ರಬ್ಬರ್ ರೋಲರ್ ಸವೆದಿರುತ್ತದೆ, ಚೈನಿನ ಜೊತೆಗೇ ಬದಲಿಸಿ.

ಮೊದಲ ಸ್ಟಾರ್ಟಿಗೆ ಮುಂಚೆ ಪ್ಲಗ್ ಇಲ್ಲದೆ ಇಪ್ಪತ್ತು ಮೂವತ್ತು ಕಿಕ್ ಹೊಡೆದರೆ ಒಣಗಿದ ಜಾಗಕ್ಕೆಲ್ಲ ಆಯಿಲ್ ಏರುತ್ತದೆ. ಬೋರಿಗೆ ಬಿಟ್ಟ ಎಣ್ಣೆ ಉರಿದು ಮುಗಿಯುವ ತನಕ ಹೊಗೆ ಸಹಜ. ಅದಾದ ಮೇಲೂ ಬೆಳಗಿನ ಮೊದಲ ಸ್ಟಾರ್ಟಿಗೆ ಮಾತ್ರ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಗಡಸಾಗಿದೆ. ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಬಂದರೆ ರಿಂಗ್ ಅಥವಾ ಬೋರ್. ಮೊದಲನೆಯದು ಸಣ್ಣ ಖರ್ಚು, ಎರಡನೆಯದಕ್ಕೆ ಲೇತ್ ಅಂಗಡಿ ಬೇಕು. ಗೇರ್ ಹಾಕಿದ ಕೂಡಲೇ ಗಾಡಿ ಜಿಗಿದು ಆಫ್ ಆದರೆ ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿವೆ. ಎಂಜಿನ್ ಆಫ್ ಇರುವಾಗ ಗೇರಿಗೆ ಹಾಕಿ, ಕ್ಲಚ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ನೂಕಿದರೆ ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತವೆ.

ಎಂಜಿನ್ ಓಡಿತೆಂದು ರಸ್ತೆಗಿಳಿಯಬೇಡಿ. ಸ್ಪ್ಲೆಂಡರ್ ಎಬ್ಬಿಸುವಲ್ಲಿ ಹೆಚ್ಚು ದುಡ್ಡು ಬೇಡುವುದು ಎಂಜಿನ್ ಅಲ್ಲ, ಚಕ್ರ ಮತ್ತು ಬ್ರೇಕು. ಟೈರಿನ ಮೈಮೇಲೆ ಅಚ್ಚಾದ ನಾಲ್ಕಂಕಿಯಲ್ಲಿ ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಟೈರಿನ ಗ್ರಿಪ್ ಎಷ್ಟೇ ಉಳಿದಿದ್ದರೂ ಪಕ್ಕದಲ್ಲಿ ಬಿರುಕಿದ್ದರೆ ಎರಡೂ 2.75-18 ಟೈರು, ಟ್ಯೂಬು ಹೊಸದು ಹಾಕಿ. ಒಬ್ಬರೇ ಓಡಿಸುವಾಗ ಗಾಳಿ ಮುಂದೆ 25, ಹಿಂದೆ 28 ಪಿಎಸ್‌ಐ. ಡ್ರಮ್ ಬ್ರೇಕಿನ ಕ್ಯಾಮ್ ತುಕ್ಕು ಹಿಡಿದರೆ ಒತ್ತಿದ ಬ್ರೇಕ್ ವಾಪಸ್ ಬರುವುದಿಲ್ಲ. ಬಿಚ್ಚಿ ಎಮರಿ ಪೇಪರಿನಲ್ಲಿ ಉಜ್ಜಿ ತೆಳ್ಳಗೆ ಗ್ರೀಸ್ ಹಚ್ಚಿ, ಲೈನರಿಗೆ ಗ್ರೀಸ್ ತಾಗದಂತೆ ನೋಡಿಕೊಳ್ಳಿ. ಡ್ರಮ್ಮಿನ ಧೂಳನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಚೈನು ಮಾತ್ರ ಈ ಗಾಡಿಯಲ್ಲಿ ಅದೃಷ್ಟವಂತ. ಪೂರ್ತಿ ಕವರಿನೊಳಗೆ ಇರುವುದರಿಂದ ಎಷ್ಟೋ ಸಲ ತೊಳೆದು ಎಣ್ಣೆ ಬಿಟ್ಟರೆ ಸಾಕಾಗುತ್ತದೆ.

ಕೊಳ್ಳಲೇಬಾರದ ಸ್ಪ್ಲೆಂಡರ್ ಯಾವುದು? ಫ್ರೇಮಿನ ಮೇಲಿನ ಚಾಸಿಸ್ ನಂಬರು ತುಕ್ಕಿಗೆ ಅಳಿಸಿದ್ದು, ಫೋರ್ಕ್ ಪೈಪಿನಲ್ಲಿ ಕುಳಿ ಬಿದ್ದದ್ದು, ಆರ್‌ಸಿಯಲ್ಲಿರುವ ಹೆಸರಿನವರು ಸಹಿಗೆ ಸಿಗದಿರುವುದು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅಲ್ಲಿ ಚಾಸಿಸ್ ನಂಬರಿನ ಪಡಿಯಚ್ಚು ಕೇಳುತ್ತಾರೆ. ಎಂಜಿನ್ ಎಷ್ಟೇ ಚೆನ್ನಾಗಿ ಎದ್ದರೂ ಈ ಮೂರರಲ್ಲಿ ಒಂದು ಕೈಕೊಟ್ಟರೆ ಗಾಡಿ ಶೆಡ್ಡಿನಲ್ಲೇ ಉಳಿಯುತ್ತದೆ. ಉಳಿದ ಯಾವ ಸ್ಥಿತಿಯಲ್ಲಿದ್ದರೂ ತೆಗೆದುಕೊಳ್ಳಿ. ಎದ್ದು ಓಡತೊಡಗಿದ ಮೇಲೆ ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ಕಾಕ್ ಆಫ್ ಮಾಡಿ, ಬೌಲಿನ ಪೆಟ್ರೋಲ್ ಮುಗಿದು ತಾನಾಗಿ ನಿಲ್ಲುವ ತನಕ ಎಂಜಿನ್ ಓಡಿಸಿ ಬಿಡಿ.