ಗುಗ್ಗುಳ ಬೇಕಾದ್ರೆ ಮಡಿಕೇರಿ ಸಂತೆ ಹತ್ರದ ಗ್ರಂಧಿಗೆ ಅಂಗಡಿಗೆ ಹೋಗಿ

ಮಳೆಗಾಲದಲ್ಲಿ ಮಡಿಕೇರಿ ಮನೆ ಅಂದ್ರೆ ಗೊತ್ತಲ್ಲ, ಬೀರು ತೆಗೆದ್ರೆ ಮುಗ್ಗಲು ವಾಸನೆ, ಬಟ್ಟೆ ಒಣಗೋದೇ ಇಲ್ಲ, ಹಂಗಾಗಿ ಸಂಜೆ ಕೆಂಡಕ್ಕೆ ಧೂಪ ಹಾಕ್ಲೇಬೇಕು. ಪ್ಯಾಕೆಟ್‌ನಲ್ಲಿ ಬರೋ ಗುಗ್ಗುಳ ಕಪ್ ತರ್ತಿದ್ವಿ, ಹಚ್ಚಿದ್ರೆ ಬರೀ ಸೆಂಟ್ ವಾಸನೆ, ಕಣ್ಣುರಿ ಬೇರೆ.

ಶುಕ್ರವಾರ ಸಂತೆಗೆ ಹೋದಾಗ ಈ ಅಂಗಡೀಲಿ ಕೇಳ್ದೆ. ಎರಡು ಡಬ್ಬ ಮುಂದಿಟ್ರು. ಒಂದ್ರಲ್ಲಿ ಮಣ್ಣು, ತೊಗಟೆ ಚೂರು ಎಲ್ಲ ಸೇರಿದ ಅಗ್ಗದ್ದು, ಇನ್ನೊಂದ್ರಲ್ಲಿ ಕಂದು ಬಣ್ಣದ ಗಟ್ಟಿಗಳು, ಹಿಡಿದ್ರೆ ಬೆರಳಿಗೆ ಅಂಟುತ್ತೆ. ನನ್ನ ಮುಖ ನೋಡೇ ಗೊತ್ತಾಯ್ತೇನೋ, ಟೀ ಗ್ಲಾಸಿಗೆ ಬಿಸಿನೀರು ಹಾಕಿ ಒಂದು ಚೂರು ಬಿಟ್ಟು ಕಲಕಿದ್ರು, ನೀರು ಹಾಲಿನ ಥರ ಬೆಳ್ಳಗಾಯ್ತು. "ಅಸಲಿ ಆದ್ರೆ ಹಿಂಗೇ ಅಕ್ಕ, ಬಿಸಿಲಲ್ಲಿಟ್ರೆ ಕರಗುತ್ತೆ, ಬೆಂಕೀಲಿ ಉರಿಯುತ್ತೆ" ಅಂದ್ರು.

100 ಗ್ರಾಂಗೆ 200 ರೂಪಾಯಿ, ದುಬಾರಿನೇ. ಆದ್ರೆ ಇದು ರಾಜಸ್ಥಾನ, ಕಛ್ ಕಡೆ ಒಣನೆಲದಲ್ಲಿ ಬೆಳೆಯೋ ಮುಳ್ಳಿನ ಪೊದೆ, ತೊಗಟೆ ಗೀರಿ ಒಸರಿದ ಅಂಟನ್ನ ಒಣಗಿಸಿ ತರೋದು, ಜಾಸ್ತಿ ಬರ್ಲಿ ಅಂತ ಸಿಕ್ಕಾಪಟ್ಟೆ ಗೀರಿ ಗೀರಿ ಗಿಡಗಳೇ ಸತ್ತೋಗಿ ಈಗ ಅಳಿವಿನ ಭಯ ಇರೋ ಗಿಡ-ಪ್ರಾಣಿಗಳ ಐಯುಸಿಎನ್ ಕೆಂಪುಪಟ್ಟೀಲಿ ತೀವ್ರ ಅಪಾಯದ ಸಾಲಿಗೆ ಸೇರಿದೆ. ಇಂಥದ್ದು ಚಿಲ್ಲರೆ ಕಾಸಿನ ಕಪ್‌ನಲ್ಲಿ ಎಷ್ಟಿರುತ್ತೆ ಅಂತ ನೀವೇ ಲೆಕ್ಕ ಹಾಕಿ.

ನಂಗೆ ನಿಜವಾಗ್ಲೂ ಹಿಡಿಸಿದ್ದು ಬೇರೆ. ಪಕ್ಕದಲ್ಲಿದ್ದ ಅಂಕಲ್ ಒಬ್ರು ಕೊಲೆಸ್ಟ್ರಾಲ್‌ಗೆ ಪುಡಿ ಮಾಡ್ಕೊಂಡು ತಿಂತೀನಿ, ಕಾಲು ಕೆಜಿ ಕೊಡಿ ಅಂದ್ರು, ಇವ್ರು ಸುತಾರಾಂ ಕೊಡ್ಲಿಲ್ಲ! ಇದು ಹೊಗೆ ಹಾಕೋಕೆ, ಹೊಟ್ಟೆಗೆ ಅಂದ್ರೆ ತ್ರಿಫಲಾ ಕಷಾಯದಲ್ಲಿ ಶುದ್ಧಿ ಮಾಡಿದ್ದೇ ಆಗ್ಬೇಕು, ಯೋಗರಾಜ ಗುಗ್ಗುಳು, ಕೈಶೋರ ಗುಗ್ಗುಳು ಅಂತ ಮಾತ್ರೆಗಳಿವೆ, ಆಯುರ್ವೇದ ಡಾಕ್ಟರ್ ಬರೆದುಕೊಟ್ರೆ ಬನ್ನಿ ಅಂತ ಕಳಿಸಿಬಿಟ್ರು. ವ್ಯಾಪಾರ ಬಿಟ್ಟು ಹಂಗೆ ಹೇಳೋರು ಕಮ್ಮಿ. ಕೀಲುನೋವಿಗೆ ಈ ಮಾತ್ರೆಗಳನ್ನ ಹಿಂದಿನಿಂದ್ಲೂ ಕೊಡ್ತಾರೆ, ಸರಿ, ಆದ್ರೆ ಕೊಲೆಸ್ಟ್ರಾಲ್ ವಿಷ್ಯದಲ್ಲಿ 2003ರಲ್ಲಿ ಅಮೆರಿಕದಲ್ಲಿ ಪ್ರಕಟ ಆದ ಟ್ರಯಲ್‌ನಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಇಳಿಯೋ ಬದ್ಲು ಸ್ವಲ್ಪ ಏರಿತ್ತು, ಕೆಲವ್ರಿಗೆ ಮೈಮೇಲೆ ದದ್ದೂ ಎದ್ದಿತ್ತು. ಬಸುರಿಯರು, ಥೈರಾಯ್ಡ್ ಮಾತ್ರೆ ತಗೊಳ್ಳೋರು ಕೇಳದೆ ಮುಟ್ಟಲೇಬೇಡಿ.

ಹೊಗೆ ಮಾತ್ರ ಸೂಪರ್, ಸ್ವಲ್ಪ ಕಹಿ ಕಹಿ ಘಮ, ಮೂಗಿಗೆ ಹೊಡೆಯಲ್ಲ. ಅಷ್ಟು ದುಡ್ಡು ಬೇಡ ಅನ್ನೋರಿಗೆ ನಮ್ಮ ಘಟ್ಟದ ಕಾಡಿನ ಹಾಲುಮಡ್ಡಿ ಅನ್ನೋ ಮರದ ಅಂಟಿನ ಧೂಪನೂ ಇಟ್ಟಿದ್ದಾರೆ. ಪಾರ್ಕಿಂಗ್ ಕೇಳ್ಬೇಡಿ, ಸಂತೆ ದಿನ ಬೈಕ್ ನಿಲ್ಸೋಕೂ ಜಾಗ ಇಲ್ಲ. ಮತ್ತೆ ಪೇಪರ್‌ನಲ್ಲಿ ಕಟ್ಟಿಕೊಡ್ತಾರೆ, ಗುಗ್ಗುಳ ಪೇಪರ್‌ಗೇ ಅಂಟ್ಕೊಳುತ್ತೆ, ಮನೆಯಿಂದ ಒಂದು ಸ್ಟೀಲ್ ಡಬ್ಬಿ ತಗೊಂಡೋಗಿ.