ಇನ್ಕೊನೆಲ್ 600 ಅಥವಾ ಬೋರೋಸಿಲಿಕೇಟ್ ಗಾಜು: ಬಿಸಿ ಕೆಲಸಕ್ಕೆ ಯಾವ ಟ್ಯೂಬ್?

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಣ್ಣ ಫರ್ನೇಸ್ ಕಟ್ಟಿಸುವವರು ಮೊದಲು ತೀರ್ಮಾನಿಸಬೇಕಾದ್ದು ಶಾಖ ಎಷ್ಟು ಎಂದು. 500 ಡಿಗ್ರಿ ಸೆಲ್ಸಿಯಸ್ ದಾಟುವುದಾದರೆ ಗಾಜಿನ ಮಾತು ಬಿಡಿ. ಬೋರೋಸಿಲಿಕೇಟ್, ಅಂದರೆ ಲ್ಯಾಬ್ ಪಾತ್ರೆಗಳಿಗೆ ಬಳಸುವ ಶಾಖ ತಾಳುವ ಗಾಜು, ಮೆತ್ತಗಾಗುವುದು 820ರ ಆಸುಪಾಸಿನಲ್ಲಿ, ನಿಜ. ಆದರೆ ಅದಕ್ಕೆ ಬಹಳ ಮುಂಚೆಯೇ ಅದನ್ನು ನಂಬುವಂತಿಲ್ಲ. ಶೇ. 72ಕ್ಕೂ ಹೆಚ್ಚು ನಿಕಲ್ ಇರುವ ಮಿಶ್ರಲೋಹ ಇನ್ಕೊನೆಲ್ 600 ಕರಗಲು ಶುರುವಾಗುವುದೇ 1,350 ದಾಟಿದ ಮೇಲೆ. ಅದರಲ್ಲಿರುವ ಕ್ರೋಮಿಯಂ, ಟ್ಯೂಬಿನ ಹೊರಮೈಯಲ್ಲಿ ಆಕ್ಸೈಡ್ ಪದರ ಕಟ್ಟಿ ಲೋಹವನ್ನು ಕಾಯುತ್ತದೆ. ಗಂಧಕದ ಹೊಗೆ ಇರುವ ಕಡೆ ಮಾತ್ರ ಹುಷಾರು.

ಎರಡನ್ನೂ ಜೋಡಿಸಬೇಕಾದಾಗ ನಿಜವಾದ ತಲೆನೋವು. ಒಂದು ಮೀಟರ್ ಟ್ಯೂಬನ್ನು 300 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ಗಾಜು ಸುಮಾರು 1 ಮಿಲಿಮೀಟರ್ ಹಿಗ್ಗುತ್ತದೆ, ಇನ್ಕೊನೆಲ್ ಸುಮಾರು 4. ಫ್ಲಾಂಜಿಗೆ (ಟ್ಯೂಬಿನ ತುದಿಯಲ್ಲಿ ಬೋಲ್ಟ್ ಹಾಕುವ ಅಗಲದ ಅಂಚು) ಗಾಜನ್ನು ಬಿಗಿಯಾಗಿ ಕೂರಿಸಿ ಬೋಲ್ಟ್ ತಿರುಪಿದರೆ ಬಿರುಕು ಗ್ಯಾರಂಟಿ. ನಡುವೆ ಮೆತ್ತನೆಯ ಗ್ಯಾಸ್ಕೆಟ್ ಇರಲಿ, ಹಿಗ್ಗಲು ಸ್ವಲ್ಪ ಜಾಗವೂ ಇರಲಿ. ಟೆಫ್ಲಾನ್ ಗ್ಯಾಸ್ಕೆಟ್ ಆದರೆ 260 ಡಿಗ್ರಿಯೇ ಮಿತಿ.

ತೂಕದಲ್ಲಿ ಗಾಜು ಹಗುರ: ಘನ ಸೆಂಟಿಮೀಟರಿಗೆ 2.23 ಗ್ರಾಂ, ಇನ್ಕೊನೆಲ್ 8.47.

ಬಿಸಿ ಕಾಸ್ಟಿಕ್ ಸೋಡಾ ಗಾಜನ್ನು ತಿನ್ನುತ್ತದೆ, ಇನ್ಕೊನೆಲ್ ಅದನ್ನು ಚೆನ್ನಾಗಿ ತಡೆಯುತ್ತದೆ. ಬಿಸಿ ಹೈಡ್ರೋಕ್ಲೋರಿಕ್ ಆಸಿಡ್ ಆದರೆ ಉಲ್ಟಾ.

ನಿಂಬೆಹುಲ್ಲಿನ ಎಣ್ಣೆ ಇಳಿಸಲು ಇನ್ಕೊನೆಲ್ ಕೇಳುವವರಿದ್ದಾರೆ. ಹಬೆಯ ಕೆಲಸ 100 ಡಿಗ್ರಿ ಸುತ್ತಮುತ್ತಲಿನದು, ಅದಕ್ಕೆ ಅಷ್ಟು ದುಡ್ಡು ಸುರಿಯುವುದು ದಂಡ. ಪಾತ್ರೆ ಸ್ಟೇನ್‌ಲೆಸ್ ಸ್ಟೀಲಿನದಿರಲಿ, ಎಣ್ಣೆ ಬೇರೆಯಾಗುವುದು ಕಣ್ಣಿಗೆ ಕಾಣಲು ಸಪರೇಟರ್ ಒಂದನ್ನು ಗಾಜಿನಲ್ಲಿ ಮಾಡಿಸಿ.