ಆಧಾರ್ ಬಯೋಮೆಟ್ರಿಕ್ ಲಾಕ್: ಬಳಸಿ ನೋಡಿದವರ ಅಭಿಪ್ರಾಯ

ಬೆಂಗಳೂರಿನಲ್ಲಿ ನಿವೇಶನವನ್ನೋ ಫ್ಲ್ಯಾಟನ್ನೋ ಕೊಂಡವರ ಕ್ರಯಪತ್ರವನ್ನು ತೆರೆದು ನೋಡಿದರೆ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ತೆಗೆದ ಭಾವಚಿತ್ರದ ಪಕ್ಕದಲ್ಲೇ ಹೆಬ್ಬೆಟ್ಟಿನ ಗುರುತು ಇರುತ್ತದೆ. ಇಂತಹ ಪತ್ರಗಳಿಂದ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ಕದ್ದು, ಬೆರಳಚ್ಚಿನ ನಕಲು ತಯಾರಿಸಿ ಖಾತೆಯಿಂದ ಹಣ ತೆಗೆದಿದ್ದಾರೆಂಬ ದೂರುಗಳು 2023ರಲ್ಲಿ ನಗರದಲ್ಲಿ ಒಂದರ ಹಿಂದೊಂದು ಬಂದವು. ಆಧಾರ್‌ನಲ್ಲಿ ಬೆರಳಚ್ಚು, ಕಣ್ಣಿನ ಪಾಪೆಗಳ ಬಳಕೆಗೆ ಬೀಗ ಹಾಕುವ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಆಗ ಪೊಲೀಸರೇ ಜನರಿಗೆ ಸಲಹೆ ನೀಡಿದರು. ಆ ಸೌಲಭ್ಯವನ್ನು ನಮ್ಮ ಮನೆಯವರೆಲ್ಲರಿಗೂ ಅಳವಡಿಸಿ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಈ ವಂಚನೆ ನಡೆಯುವುದು ಎಇಪಿಎಸ್ ಎಂಬ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇಷ್ಟಿದ್ದರೆ ಒಟಿಪಿಯೂ ಪಿನ್ನೂ ಇಲ್ಲದೆ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಎಟಿಎಂ ಇಲ್ಲದ ಊರಿನಲ್ಲಿ ವೃದ್ಧಾಪ್ಯ ವೇತನ ಪಡೆಯುವವರಿಗೆ ಇದು ದೊಡ್ಡ ಆಸರೆ ಎಂಬುದನ್ನು ಒಪ್ಪುತ್ತೇನೆ. ಆದರೆ ಇದನ್ನು ಒಮ್ಮೆಯೂ ಬಳಸದ ನಗರವಾಸಿಯ ಖಾತೆಗೂ ಈ ದಾರಿ ತೆರೆದೇ ಇರಬಹುದು ಎಂಬುದು ಬಹಳ ಜನರಿಗೆ ತಿಳಿದಿಲ್ಲ.

ಮೈಆಧಾರ್ ಜಾಲತಾಣದಲ್ಲಿ ಆಧಾರ್ ಸಂಖ್ಯೆ ಮತ್ತು ಒಟಿಪಿ ಕೊಟ್ಟು ಒಳಹೊಕ್ಕು, ಲಾಕ್ ಆಯ್ಕೆಯನ್ನು ಒತ್ತಿದರೆ ಕೆಲಸ ಮುಗಿಯುತ್ತದೆ, ಶುಲ್ಕವಿಲ್ಲ. ಅಲ್ಲಿಂದ ಮುಂದೆ ಯಾರೇ ಬೆರಳಚ್ಚು ಅಥವಾ ಕಣ್ಣಿನ ಪಾಪೆಯಿಂದ ದೃಢೀಕರಿಸಲು ಯತ್ನಿಸಿದರೂ 330 ಎಂಬ ದೋಷಸಂಖ್ಯೆ ಬಂದು ವ್ಯವಹಾರ ನಿಲ್ಲುತ್ತದೆ. ಒಟಿಪಿ ಆಧಾರಿತ ಕೆಲಸಗಳಿಗೆ ಯಾವ ಅಡ್ಡಿಯೂ ಇಲ್ಲ. ನಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ದೃಢೀಕರಣ ಇತಿಹಾಸವೂ ಅದೇ ತಾಣದಲ್ಲಿ ಸಿಗುತ್ತದೆ. ನನ್ನ ದೃಷ್ಟಿಯಲ್ಲಿ ಲಾಕಿನಷ್ಟೇ ಬೆಲೆಯುಳ್ಳದ್ದು ಅದು.

ತೊಡಕು ಎದುರಾದದ್ದು ನಮ್ಮ ಅತ್ತೆಯವರ ವಿಷಯದಲ್ಲಿ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯಲು ಅವರು ಬೆರಳೊತ್ತಬೇಕು; ಅದಕ್ಕೆ ಮೊದಲು ನಾವು ಮನೆಯಿಂದ ಲಾಕ್ ತೆಗೆಯಬೇಕು. ತಾತ್ಕಾಲಿಕವಾಗಿ ತೆಗೆದ ಲಾಕ್ ಹತ್ತು ನಿಮಿಷಕ್ಕೆ ತಾನಾಗಿ ಮತ್ತೆ ಬೀಳುತ್ತದೆ. ಸರ್ವರ್ ನಿಧಾನವಾಗಿ, ಸಾಲು ಉದ್ದವಾಗಿದ್ದ ದಿನ ಅವರ ಸರದಿ ಬರುವಷ್ಟರಲ್ಲಿ ಆ ಅವಧಿ ಮುಗಿದಿತ್ತು, ಅಂಗಡಿಯವರು ಮತ್ತೆ ಫೋನ್ ಮಾಡಿಸಬೇಕಾಯಿತು. ಅವಧಿಯನ್ನು ಅರ್ಧ ಗಂಟೆಗಾದರೂ ಹೆಚ್ಚಿಸುವ ಆಯ್ಕೆ ಇರಬೇಕಿತ್ತು. ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಿಸದ ಹಿರಿಯರಿಗಂತೂ ಈ ಸೌಲಭ್ಯ ಕೈಗೆಟುಕುವುದಿಲ್ಲ. ಅವರು ಮೊದಲು ಆಧಾರ್ ಸೇವಾ ಕೇಂದ್ರಕ್ಕೋ ಬೆಂಗಳೂರು ಒನ್‌ಗೋ ಹೋಗಿ ಸಂಖ್ಯೆಯನ್ನು ಸೇರಿಸಿಕೊಳ್ಳಬೇಕು. ಹೆಚ್ಚು ರಕ್ಷಣೆ ಬೇಕಾದವರಿಗೇ ಇದು ಹೆಚ್ಚು ದೂರದಲ್ಲಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಇನ್ನೊಂದು ಮಿತಿಯನ್ನೂ ತಿಳಿದಿರಬೇಕು. ನಿಮ್ಮ ಪ್ಯಾನ್ ಸಂಖ್ಯೆ ಬಳಸಿ ಯಾರಾದರೂ ಸಾಲ ಎತ್ತಿದರೆ ಈ ಲಾಕ್ ತಡೆಯುವುದಿಲ್ಲ. ಅದನ್ನು ಪತ್ತೆಹಚ್ಚಲು, ನಿಮ್ಮ ಹೆಸರಿನ ಸಾಲಗಳ ವಿವರವಿರುವ ಕ್ರೆಡಿಟ್ ವರದಿಯನ್ನೇ ನೋಡಬೇಕು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಕ್ರೆಡಿಟ್ ಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ಆರ್‌ಬಿಐ ನಿಯಮ 2017ರಿಂದ ಜಾರಿಯಲ್ಲಿದೆ. ಮೂರು ತಿಂಗಳಿಗೊಂದರಂತೆ ಒಂದೊಂದು ಸಂಸ್ಥೆಯಿಂದ ತರಿಸಿಕೊಂಡರೆ ಹಣ ಕೊಟ್ಟು ಚಂದಾದಾರರಾಗುವ ಅಗತ್ಯ ಹೆಚ್ಚಿನವರಿಗೆ ಬೀಳುವುದಿಲ್ಲ. ವರದಿಯಲ್ಲಿ ಸ್ಕೋರ್‌ಗಿಂತ ಮೊದಲು, ಯಾವ ಯಾವ ಸಾಲದಾತರು ನಿಮ್ಮ ಮಾಹಿತಿ ಕೇಳಿದ್ದಾರೆ ಎಂಬ ವಿಚಾರಣೆಗಳ ಪಟ್ಟಿಯನ್ನು ಓದಿ. ನೀವು ಅರ್ಜಿಯನ್ನೇ ಹಾಕದ ಸಂಸ್ಥೆಯ ಹೆಸರು ಅಲ್ಲಿದ್ದರೆ ಆ ಸಂಸ್ಥೆಗೂ ಕ್ರೆಡಿಟ್ ಕಂಪನಿಗೂ ಲಿಖಿತ ದೂರು ಕೊಡಿ. 30 ದಿನಗಳೊಳಗೆ ಅದು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೇಳುವ ಹಕ್ಕು 2024ರ ಏಪ್ರಿಲ್‌ನಿಂದ ನಿಮಗಿದೆ.